ಸಿರಾಕ್ಕೆ ಹೋದ ಕಾಂಬೋಧಿ

ಎರಡನೆಯ ಮಹಾಯುದ್ಧ ಮುಗಿಯುವುದಕ್ಕೆ ಹಿಂದಿನ ವರ್ಷ, ರಾಮನವಮಿ ಕಳೆದ ಮೇಲಿನ ಒಂದು ಶನಿವಾರ ಬೆಳಿಗ್ಗೆ, ಮಧುಗಿರಿಯಿಂದ ಸಿರಾಕ್ಕೆ ಹೊರಟ ಇದ್ದಿಲು ಬಸ್ಸಿನಲ್ಲಿ ನಾಲ್ವರು ಹೆಂಗಸರು ಕುಳಿತಿದ್ದರು. ಅವರು ಮದುವೆಗೆ ಹೊರಟವರಲ್ಲ, ಸಾವಿಗೆ ಹೊರಟವರಲ್ಲ, ಯಾರ ಬಾಣಂತನಕ್ಕೂ ಅಲ್ಲ. ಸಂಗೀತ ಕಚೇರಿ ಕೇಳಲು ಹೊರಟಿದ್ದರು. ಅವರಲ್ಲಿ ಒಬ್ಬರು ನನ್ನ ಅತ್ತಿಗೆ ಗಿರಿಜಮ್ಮ.

ಇದನ್ನು ಈಗ ನೆನಪಿಗೆ ತಂದವನು ನಮ್ಮ ಬೀದಿಯ ಇಸ್ತ್ರಿಯವನು. ದಿನಾ ಬೆಳಿಗ್ಗೆ ನನ್ನ ಕಿಟಕಿಯ ಕೆಳಗೇ ಗಾಡಿ ನಿಲ್ಲಿಸಿ, ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ ಗಾಳಿ ಹಾಕುತ್ತಾನೆ. ಇದ್ದಿಲು ಕೆಂಪಗಾಗುವ ಮೊದಲು ಒಂದು ವಾಸನೆ ಬಿಡುತ್ತದೆ. ನಿಮಗೆ ಅದರಿಂದ ಒಗೆದ ಬಟ್ಟೆಯ ನೆನಪು ಬಂದೀತು. ನನಗೆ ಬರುವುದು ಕಾಂಬೋಧಿ ರಾಗ. ಹೇಗೆ ಎಂದು ಹೇಳುತ್ತೇನೆ, ನಿಮಗೆ ಅವಸರವಿಲ್ಲದಿದ್ದರೆ.

ನಾನು ಆಗ ಬೆಂಗಳೂರಿನ ಒಂದು ಪತ್ರಿಕೆಗೆ ಮಧುಗಿರಿಯಿಂದ ಸುದ್ದಿ ಬರೆದು ಕಳಿಸುತ್ತಿದ್ದೆ. ಮೀಸೆ ಚೆನ್ನಾಗಿ ಬಂದಿತ್ತು, ಬುದ್ಧಿ ಅಷ್ಟಾಗಿ ಬಂದಿರಲಿಲ್ಲ. ನಮ್ಮ ಸಂಪಾದಕರು ಮೊದಲ ದಿನವೇ ಹೇಳಿದ್ದರು: ಏನು ನಡೆಯಿತು, ಎಲ್ಲಿ, ಯಾವಾಗ, ಯಾರಿದ್ದರು, ಇಷ್ಟು ಬರೆ; ನಿನಗೆ ಏನನ್ನಿಸಿತು ಎಂಬುದು ನಿನ್ನ ಹತ್ತಿರವೇ ಇರಲಿ. ಸಂಗೀತದ ವಿಷಯದಲ್ಲಿ ಈ ಕಟ್ಟಳೆ ನನಗೆ ಬಹಳ ಅನುಕೂಲವಾಗಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕಚೇರಿಯಲ್ಲಿ ನಾನು ತಲೆಗಳನ್ನು ಎಣಿಸುತ್ತಿದ್ದೆ, ಯಾರ ತಲೆ ಹೆಚ್ಚು ತೂಗುತ್ತದೆ ಎಂದು ನೋಡುತ್ತಿದ್ದೆ, ಆಮೇಲೆ 'ಶ್ರೋತೃಗಳು ತಲೆದೂಗಿದರು' ಎಂದು ಬರೆಯುತ್ತಿದ್ದೆ. ಒಂದು ಸಲ ಇಡೀ ಸಂಜೆಯ ಕಚೇರಿಯನ್ನು ಮೂರೇ ವಾಕ್ಯಗಳಲ್ಲಿ ಮುಗಿಸಿದ್ದಕ್ಕೆ ಊರಿನ ರಸಿಕರು ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಹೋಟೆಲಿನಲ್ಲಿ ನನಗೆ ಕಾಫಿ ಕೊನೆಯಲ್ಲಿ ಬರುತ್ತಿತ್ತು.

ಬೇಸಿಗೆ ಬಂತೆಂದು ನಮ್ಮ ಊರಿಗೆ ಬಿಸಿಲಿನಿಂದ ಗೊತ್ತಾಗುತ್ತಿರಲಿಲ್ಲ. ಬಿಸಿಲು ನಮಗೆ ಸಂಕ್ರಾಂತಿಗೇ ಬರುತ್ತಿತ್ತು. ಬೇಸಿಗೆ ಬಂತೆಂದು ಗೊತ್ತಾಗುತ್ತಿದ್ದುದು ಜನರ ಗುನುಗಿನಿಂದ. ಹುಣಿಸೆಹಣ್ಣು ಬಡಿಯುವ ಹೊತ್ತಿಗೆ ಒಂದೊಂದೇ ಗಂಟಲು ತೆರೆಯುತ್ತಿತ್ತು. ಕ್ಷೌರದ ಮುನಿಯಪ್ಪ ಅರ್ಧ ಗಡ್ಡ ಹೆರೆದು, ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ, ಕಣ್ಣು ಮುಚ್ಚಿ, ಹೋದ ವರ್ಷ ಕಚೇರಿಯಲ್ಲಿ ಕೇಳಿದ ಹಾಡಿನ ಒಂದು ಸಂಗತಿಯನ್ನು ಹುಡುಕುತ್ತಿದ್ದ. ಅದು ಸಿಗುವ ತನಕ ಗಿರಾಕಿ ಅಲ್ಲಾಡುವಂತಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಿದ್ದವು. ಸಂಜೆ ಬಂಡೆಬೆಟ್ಟ ದಿನವೆಲ್ಲ ಕುಡಿದ ಬಿಸಿಲನ್ನು ಮೆಲ್ಲನೆ ಊರಿನ ಮೇಲೆ ಬಿಡುತ್ತಿರುವಾಗ, ಜಗಲಿಗಳ ಮೇಲೆ ಒದ್ದೆ ಬಟ್ಟೆ ಹೊದ್ದು ಕುಳಿತ ಗಂಡಸರು ಇನ್ನೂ ಹಾಡದ ಹಾಡುಗಳ ಬಗ್ಗೆ ಮಾತಾಡುತ್ತಿದ್ದರು. ಆ ಮಾತುಗಳಲ್ಲಿ ಅರ್ಧ ಹೋದ ಬೇಸಿಗೆಯದು, ಅರ್ಧ ಬರುವ ಬೇಸಿಗೆಯದು. ನಡುವೆ ನಾವು ಬದುಕುತ್ತಿದ್ದ ದಿನಗಳು ಅವರ ಲೆಕ್ಕದಲ್ಲಿ ಇರಲೇ ಇಲ್ಲವೆಂದು ತೋರುತ್ತದೆ.

ಈಗ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ಬೇರೆ ಕಡೆ ಇದನ್ನು ನಾನು ಕಂಡಿಲ್ಲ. ಪ್ರತಿ ಬೇಸಿಗೆ ಮೈಸೂರಿನಿಂದ ಒಬ್ಬ ವಿದ್ವಾಂಸರು ಬರುತ್ತಿದ್ದರು. ಕೊರಟಗೆರೆ, ಮಧುಗಿರಿ, ಪಾವಗಡ, ಸಿರಾ, ಈ ನಾಲ್ಕೂ ಊರಿನಲ್ಲಿ ಒಂದೊಂದು ದೊಡ್ಡ ಕಚೇರಿ. ಅವರದು ಒಂದು ಹಟವಿತ್ತು: ಒಂದು ಬೇಸಿಗೆಯಲ್ಲಿ ಒಂದು ದೊಡ್ಡ ರಾಗವನ್ನು ಒಂದೇ ಸಲ ವಿಸ್ತಾರ ಮಾಡುವುದು. ಹಾಗಾಗಿ ತೋಡಿ, ಕಲ್ಯಾಣಿ, ಕಾಂಬೋಧಿ, ಶಂಕರಾಭರಣ ಈ ನಾಲ್ಕನ್ನು ನಾಲ್ಕು ಊರುಗಳು ಸರದಿಯ ಮೇಲೆ ಹಂಚಿಕೊಂಡಿದ್ದವು. ಈ ವರ್ಷ ನಮ್ಮಲ್ಲಿ ಹಾಡಿದ ರಾಗ ಮುಂದಿನ ವರ್ಷ ಪಾವಗಡಕ್ಕೆ, ಅದರ ಮುಂದಿನ ವರ್ಷ ಸಿರಾಕ್ಕೆ. ಒಂದು ಊರಿನ ಪಾಲಿನ ರಾಗವನ್ನು ವಿದ್ವಾಂಸರು ಬೇರೆ ಊರಿನಲ್ಲಿ ಅಭ್ಯಾಸಕ್ಕೆಂದು ಕೂಡ ಬಾಯಿಬಿಟ್ಟು ಹಾಡುವಂತಿರಲಿಲ್ಲ. ಹಿಂದೊಮ್ಮೆ ಅವರು ಕೊರಟಗೆರೆಯಲ್ಲಿ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಸಿರಾದವರ ಕಲ್ಯಾಣಿಯನ್ನು ಗುನುಗಿ, ಕೊರಟಗೆರೆಯವರು ಅದನ್ನು ಹೇಳಿಕೊಂಡು ಮೆರೆದು, ದೊಡ್ಡ ರಂಪವಾಗಿತ್ತು. ಆಮೇಲಿಂದ ಪಾಲುದಾರ ಊರಿನವನೊಬ್ಬ ರಾಗದ ಕಾವಲಿಗೆ ವಿದ್ವಾಂಸರ ಜೊತೆಯಲ್ಲೇ ತಿರುಗುವುದು ರೂಢಿಯಾಯಿತು. ನಗಬೇಡಿ. ಅವರು ನಗುತ್ತಿರಲಿಲ್ಲ.

ಗಂಡಸರಿಗೆ ಈ ಸರದಿಯೆಲ್ಲ ಒಂದು ಆಟ. ಯಾವ ರಾಗ ಎಲ್ಲಿದ್ದರೇನು, ಅವರು ವಿದ್ವಾಂಸರ ಬೆನ್ನು ಹತ್ತಿ ನಾಲ್ಕೂ ಊರಿಗೆ ಹೋಗುತ್ತಿದ್ದರು. ಹೆಂಗಸರು ಚಪ್ಪರದ ಎದುರು ಮನೆಗಳ ಜಗಲಿಯಲ್ಲಿ ಕುಳಿತು ತಮ್ಮ ಊರಿನದನ್ನು ಮಾತ್ರ ಕೇಳುತ್ತಿದ್ದರು. ಊರಿನ ಪಾಲಿಗೆ ಬಂದದ್ದೇ ಅವರ ಪಾಲು.

ಅತ್ತಿಗೆ ಕಾಯುತ್ತಿದ್ದುದು ಕಾಂಬೋಧಿಗೆ. ಅವರ ತವರು ಕಳ್ಳಂಬೆಳ್ಳ. ತಂದೆ ಅಲ್ಲಿ ಶಾಲೆಯ ಮೇಷ್ಟರು. ಬೆಳಗಿನ ಜಾವ ಕೆರೆಯಲ್ಲಿ ಸ್ನಾನ ಮಾಡಿ, ಏರಿಯ ಮೇಲೆ ನಡೆದು ಬರುತ್ತಾ ಅವರು ಕಾಂಬೋಧಿ ಹೇಳುತ್ತಿದ್ದರಂತೆ. ಆದರೆ ಅರ್ಧ ಮಾತ್ರ. ಮೆಟ್ಟಿಲು ಮೆಟ್ಟಿಲಾಗಿ ಮೇಲಿನ ಷಡ್ಜದ ತನಕ ಬಂದು, ಬಾಗಿಲು ಹಾಕಿದ ಮನೆಯ ಮುಂದೆ ನಿಂತವರ ಹಾಗೆ ನಿಂತುಬಿಡುತ್ತಿದ್ದರು. 'ಮುಂದೆ, ಅಪ್ಪಯ್ಯ?' ಎಂದು ಮಗಳು ಕೇಳಿದರೆ, 'ಮುಂದೈತವ್ವ, ನನ್ ಗಂಟ್ಲಿಗೆ ಎಟುಕಾಕಿಲ್ಲ. ದೊಡ್ ವಿದ್ವಾಂಸ್ರು ಸಿಕ್ದಾಗ ಉಳ್ದಿದ್ದು ಕೇಳ್ಕೊ' ಎನ್ನುತ್ತಿದ್ದರು. ಮೇಷ್ಟರು ತೀರಿಕೊಂಡರು. ಅತ್ತಿಗೆ ಮಧುಗಿರಿಗೆ ಸೊಸೆಯಾಗಿ ಬರುವಾಗ ಆ ಅರ್ಧ ರಾಗವನ್ನೂ ತಂದರು. ದೋಸೆಗೆ ಹಿಟ್ಟು ರುಬ್ಬುವಾಗ ಅದು ಒರಳುಕಲ್ಲಿನ ಸದ್ದಿನ ಜೊತೆ ಮೇಲೆ ಏರುವುದನ್ನೂ, ಒಂದೇ ಜಾಗದಲ್ಲಿ ನಿಲ್ಲುವುದನ್ನೂ ನಾನು ಎಷ್ಟೋ ಸಲ ಕೇಳಿದ್ದೆ. ರಾಗವೆಂದರೆ ಅಷ್ಟೇ ಎಂದುಕೊಂಡಿದ್ದೆ.

ಹಿಂದಿನ ಸಲ ಕಾಂಬೋಧಿ ಮಧುಗಿರಿಯ ಪಾಲಿಗೆ ಬಂದಾಗ ಅತ್ತಿಗೆ ಚೊಚ್ಚಲ ಬಾಣಂತನಕ್ಕೆ ತವರಿನಲ್ಲಿದ್ದರು. ಅಣ್ಣ ಕಚೇರಿ ಮುಗಿದ ಮಾರನೆಯ ದಿನವೇ ಕಳ್ಳಂಬೆಳ್ಳಕ್ಕೆ ಹೋಗಿ, ತೊಟ್ಟಿಲ ಪಕ್ಕದಲ್ಲಿ ಕುಳಿತು, ಕೇಳಿದ್ದನ್ನೆಲ್ಲ ಹಾಡಿ ತೋರಿಸಿದ. ಅಣ್ಣ ಒಳ್ಳೆಯ ವಕೀಲ. ಅವನ ಕಂಠದ ಬಗ್ಗೆ ನಾನು ಹೇಳಬಹುದಾದ್ದು, ಮಗು ಎಚ್ಚರವಾಯಿತು ಎಂಬುದಷ್ಟೇ. ಬೇರೆ ಊರಿನ ಕಚೇರಿಗಳಿಂದ ಬಂದಾಗಲೂ ಅವನದು ಇದೇ ಕ್ರಮ. ತೋಡಿ, ಕಲ್ಯಾಣಿ, ಶಂಕರಾಭರಣ ಎಲ್ಲವೂ ಅತ್ತಿಗೆಗೆ ಅಣ್ಣನ ಗಂಟಲಿನ ಮೂಲಕ, ಸಾರಿನ ಅನ್ನ ಮತ್ತು ಮಜ್ಜಿಗೆ ಅನ್ನದ ನಡುವೆ, ಬರುತ್ತಿದ್ದವು.

ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಕಾಂಬೋಧಿಯ ಸರದಿ ಮತ್ತೆ ನಮ್ಮದಾಗಿತ್ತು. ಯುಗಾದಿ ಮುಗಿಯುತ್ತಲೇ ಅತ್ತಿಗೆ ಜಗಲಿಯಲ್ಲಿ ತಾವು ಕೂರುವ ಕಂಬವನ್ನು ಕೂಡ ಗೊತ್ತುಮಾಡಿಕೊಂಡಿದ್ದರು.

ಕಚೇರಿಗಳಿಗೆ ಮೊದಲು ನಾಲ್ಕೂ ಊರಿನ ಮುಖಂಡರು ಸಿರಾ ರಸ್ತೆಯ ಒಂದು ಹುಣಿಸೆತೋಪಿನಲ್ಲಿ ಸೇರುತ್ತಿದ್ದರು. ಮಧುಗಿರಿಯ ಪರವಾಗಿ ಹೋಗುತ್ತಿದ್ದವನು ಅಣ್ಣ. ಆ ವರ್ಷ ಸುದ್ದಿಗೆಂದು ನಾನೂ ಹೋಗಿದ್ದೆ. ಪಾವಗಡದ ಜವಳಿ ಶೆಟ್ಟರು ಮರದ ಬುಡಕ್ಕೆ ಒರಗಿ, 'ಮಾಕು ಶಂಕರಾಭರಣಮೇ ಚಾಲು ಸ್ವಾಮೀ' ಎಂದು, ತಮಗೆ ಬಂದಷ್ಟು ಸಾಕೆಂದು ಕಣ್ಣು ಮುಚ್ಚಿದರು. ಕೊರಟಗೆರೆಯವರಿಗೆ ಕಲ್ಯಾಣಿ, ತಕರಾರಿಲ್ಲ. ಆಗ ಸಿರಾದ ಖಾದರ್ ಸಾಹೇಬರು ಅಣ್ಣನ ಪಕ್ಕಕ್ಕೆ ಸರಿದರು. ಅವರದು ಅತ್ತರು, ಊದುಬತ್ತಿಯ ವ್ಯಾಪಾರ. ಅವರು ಎಲ್ಲಿ ಕುಳಿತರೂ ಆ ಜಾಗಕ್ಕೊಂದು ಹಬ್ಬದ ವಾಸನೆ ಬರುತ್ತಿತ್ತು.

'ವಕೀಲ್ ಸಾಬ್, ಒಂದು ಮಾತು. ಕಾಂಬೋಧಿ ಅಂದ್ರೆ ನಮ್ಮ ಅಮ್ಮೀಜಾನ್‌ಗೆ ಜೀವ. ವಯಸ್ಸಾಯ್ತು. ಮಹಡಿ ಕಿಟಕಿ ಬಿಟ್ಟು ಬೇರೆ ಕಡೆ ಹೋಗೋರಲ್ಲ. ಈ ಸಾರಿ ನಮಗೆ ಕೊಡಿ. ಬದಲಿಗೆ ನಮ್ಮ ತೋಡಿ ತಗೊಳ್ಳಿ.'

ಅಣ್ಣ ಕೋರ್ಟಿನಲ್ಲಿ ಮಾಡುವಂತೆ ಸ್ವಲ್ಪ ಹೊತ್ತು ಮರದ ಮೇಲಿನ ಕೋತಿಗಳನ್ನು ನೋಡಿದ. ಆಮೇಲೆ, 'ಬರೀ ತೋಡಿ ಆಗಲ್ಲ ಸಾಹೇಬ್ರೆ. ತೋಡಿ ಜೊತೆ ಪಲ್ಲವೀನೂ ಬೇಕು' ಎಂದ. ಒಂದೇ ಸಾಲನ್ನು ಹಿಡಿದು ಬಹಳ ಹೊತ್ತು ಬೆಳೆಸುವ ಪಲ್ಲವಿ ಕಚೇರಿಯ ದೊಡ್ಡ ಭಾಗ.

'ಲೇ ಲೋ ಭಾಯ್. ಪಲ್ಲವೀನೂ ನಿಮ್ದೇ.'

ಅಲ್ಲಿಗೆ ಮುಗಿಯಿತು. ದಾರಿಯುದ್ದಕ್ಕೂ ಅಣ್ಣ ಹಿಗ್ಗುತ್ತಾ ಬಂದ. ಮನೆಯಲ್ಲಿ ಎಲೆಯ ಮುಂದೆ ಕುಳಿತು ಆ ಹಿಗ್ಗನ್ನು ಅತ್ತಿಗೆಗೂ ಬಡಿಸಿದ.

'ಸಿರಾದೋರ್ಗೆ ಟೋಪಿ ಹಾಕ್ಬುಟ್ಟೆ ಕಣೇ. ಬರೀ ಕಾಂಬೋಧಿ ಕೊಟ್ಟು ತೋಡೀನ ಪಲ್ಲವಿ ಸಮೇತ ಹೊಡ್ಕಂಡ್ ಬಂದಿವ್ನಿ.'

'ಯಾರ್ದು ಕಾಂಬೋಧಿ?'

'ನಮ್ದೇ. ಮಧುಗಿರೀದು.'

'ಮಧುಗಿರೀದು ಅಂದ್ಮೇಲೆ ನಂದೂ ಅಲ್ವಾ?'

ಅಣ್ಣನ ಕೈ ಅನ್ನದಲ್ಲೇ ನಿಂತಿತು. 'ಅಯ್ಯೋ, ಅದೇನ್ ಓಡೋಯ್ತದಾ? ಸಿರಾಕ್ ಹೋಗಿ ಕೇಳ್ಕಂಡ್ ಬತ್ತೀವಲ್ಲ. ಬಂದು ನಿಂಗೆ ಚೆನ್ನಾಗಿ ಹೇಳ್ತೀನಿ ಬುಡು.'

'ಬ್ಯಾಡಿ. ನಿಮ್ ಗಂಟ್ಲಲ್ಲಿ ಕೇಳಿದ್ದು ಸಾಕಾಗದೆ' ಎಂದು ಅತ್ತಿಗೆ ಮಜ್ಜಿಗೆ ಬಡಿಸಿದರು.

ಆಮೇಲಿನ ದಿನಗಳಲ್ಲಿ ಅಡುಗೆ ಎಂದಿನಂತೆಯೇ ಇತ್ತು, ಮಾತೂ ಎಂದಿನಂತೆಯೇ ಇತ್ತು. ಹಿಟ್ಟು ರುಬ್ಬುವಾಗಿನ ಗುನುಗು ಮಾತ್ರ ಇರಲಿಲ್ಲ. ಒರಳು ಒಂದೇ ಗುಡುಗುಡು ಎನ್ನುತ್ತಿತ್ತು. ಅಣ್ಣ ಆ ಹೊತ್ತಿಗೆ ಸರಿಯಾಗಿ ಕಕ್ಷಿಗಾರರನ್ನು ಕಾಣಲು ಹೊರಗೆ ಹೋಗತೊಡಗಿದ.

ವಿದ್ವಾಂಸರು ಕೊರಟಗೆರೆಯ ಕಲ್ಯಾಣಿ ಮುಗಿಸಿ ಮಧುಗಿರಿಗೆ ಬಂದರು. ಜೊತೆಯಲ್ಲಿ ಒಬ್ಬ ಮೃದಂಗದವರು, ಮಾತೇ ಆಡದ ಒಬ್ಬ ಸಣಕಲು ಪಿಟೀಲಿನವರು, ಮತ್ತು ಕಾಂಬೋಧಿಯ ಕಾವಲಿಗೆ ಖಾದರ್ ಸಾಹೇಬರು. ಬಿಡಾರ ನಮ್ಮ ಮನೆಯಲ್ಲಿ. ಸಾಹೇಬರು ಮಾತ್ರ ಜಗಲಿಯಲ್ಲಿ ಹಾಸಿಗೆ ಹಾಕಿಕೊಂಡರು, 'ಬಾಗಿಲಲ್ಲಿ ಕೂತ್ರೆ ಒಳಗಿಂದ ರಾಗ ಆಚೆ ಹೋಗಲ್ಲ' ಎಂದು ನಗುತ್ತಾ.

ನಮ್ಮ ಊರಿನ ತೋಡಿ ಚೆನ್ನಾಗಿತ್ತು ಎನ್ನುತ್ತಾರೆ. ನನ್ನ ನೆನಪಿನಲ್ಲಿ ಉಳಿದಿರುವುದು ಹಸಿ ಸೋಗೆಯ ಚಪ್ಪರ, ಅದರ ಸಂದಿಯಿಂದ ಇಳಿದ ಸಂಜೆಯ ಬೆಳಕು, ಜನರ ಬೆನ್ನುಗಳ ಮೇಲೆ ಆ ಬೆಳಕು ಗೀರು ಗೀರಾಗಿ ತೂಗುತ್ತಿದ್ದುದು. ಎಲ್ಲರೂ ಒಂದೇ ನಿದ್ದೆಯಲ್ಲಿ ಒಂದೇ ಕನಸು ಕಾಣುತ್ತಿದ್ದಾರೆ ಎಂದು ಆಗ ಅನ್ನಿಸಿತು. ಅನ್ನಿಸಿದ್ದನ್ನು ನಾನು ಬರೆಯುವಂತಿರಲಿಲ್ಲ. ಅತ್ತಿಗೆ ತಮ್ಮ ಕಂಬಕ್ಕೆ ಒರಗಿ ಕೊನೆಯ ತನಕ ಕೇಳಿದರು.

ಮಾರನೆಯ ದಿನ ವಿದ್ವಾಂಸರಿಗೆ ಬಿಡುವು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ನಾನು ಕಾಫಿ ತೆಗೆದುಕೊಂಡು ಹೋದವನು, ಮಾತಿಗೆ ಮಾತು ಬಂದು, ಕಳ್ಳಂಬೆಳ್ಳದ ಅರ್ಧ ಕಾಂಬೋಧಿಯ ಕಥೆಯನ್ನು ಹೇಳಿಬಿಟ್ಟೆ. ಅವರು ಎದ್ದು ಕುಳಿತರು.

'ತಾಯಿ ಎಲ್ಲಿದ್ದಾರೆ?'

ಅತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ಬಂದು ನಿಂತರು. ಬಳೆಯ ಸದ್ದಾಯಿತು.

'ಉಳಿದರ್ಧ ಇಲ್ಲೇ ಹೇಳಿಬಿಡ್ತೀನಮ್ಮ. ಹಿತ್ತಲಲ್ಲಿ ಕೂತು ಮೆಲ್ಲಗೆ ಹೇಳಿದರೆ ಯಾರಿಗೂ ಕೇಳಿಸೋದಿಲ್ಲ. ಏನು ಸಾಹೇಬರೆ, ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಳ್ತೀರಾ?'

ಜಗಲಿಯಿಂದ ಸಾಹೇಬರು ಇದನ್ನೆಲ್ಲ ಕೇಳುತ್ತಲೇ ಇದ್ದರು. ಆಗಲೇ ಚಪ್ಪಲಿ ಮೆಟ್ಟಿದ್ದರು. 'ಕಿವಿ ಯಾಕೆ ಮುಚ್ಲಿ ಸ್ವಾಮಿ? ನಾನು ಬೆಟ್ಟದ ಕೋಟೆ ನೋಡ್ಕೊಂಡು ಬರ್ತೀನಿ. ಹತ್ತಿ ಇಳಿಯೋ ಹೊತ್ತಿಗೆ ನಿಮ್ಮ ಕಾಂಬೋಧೀನೂ ಹತ್ತಿ ಇಳಿದಿರುತ್ತೆ.'

ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಬಂತು. 'ಬ್ಯಾಡಿ ಸ್ವಾಮಿ. ಈಗದು ಸಿರಾದೋರ್ದು. ಸಾಹೇಬ್ರ ತಾಯಾರು ಕಾಯ್ತವ್ರಂತೆ. ಇಲ್ಲಿ ಕದ್ದು ಕೇಳಿದ್ರೆ ಅವ್ರಿಗೆ ಎಂಜ್ಲಾಯ್ತದೆ.' ಮತ್ತೆ ತಡೆದು, 'ನಂಗೆ ಬೇಕಾಗಿರೋದು ಕಚೇರಿ. ಮೃದಂಗ ಇರ್ಬೇಕು. ಜನ ಇರ್ಬೇಕು. ಪಕ್ದಲ್ಲಿ ಕೂತೋರು ಆಹಾ ಅನ್ಬೇಕು. ಹಿತ್ಲಲ್ಲಿ ಒಬ್ಳೇ ಕೇಳಾಕೆ ನಮ್ಮಪ್ಪಯ್ಯ ಹೇಳ್ನಿಲ್ಲ' ಎಂದರು.

ಸಾಹೇಬರು ಹೊಸಿಲಿನ ಹತ್ತಿರ ಬಂದು ನಿಂತರು. 'ಹಾಗಾದ್ರೆ ಸಿರಾಕ್ಕೆ ಬನ್ನಿ ತಾಯಿ. ಚಪ್ಪರ ನಮ್ಮ ಮನೆ ಮುಂದೆನೇ. ನಮ್ಮ ಹೆಂಗಸ್ರೆಲ್ಲ ಮಹಡಿ ಮೇಲೆ ಕೂತು ಕೇಳ್ತಾರೆ. ನಿಮ್ಮ ಜಾಗ ನನ್ನ ಜವಾಬ್ದಾರಿ.'

ಆ ಹೊತ್ತಿಗೆ ಸರಿಯಾಗಿ ಅಣ್ಣ ಒಳಗೆ ಬಂದ. ವಿಷಯ ತಿಳಿದು ಗಾಬರಿಯಾದ. 'ಹೆಂಗಸ್ರು ಕಚೇರಿ ಕೇಳಾಕೆ ಅಂತ ಊರು ಬುಟ್ಟು ಹೋಗೋದುಂಟಾ? ಜನ ಏನಂದಾರು? ಅವ್ವಾ, ನೀನಾದ್ರೂ ಹೇಳು.'

ನಮ್ಮ ಅವ್ವ ಮೂಲೆಯಲ್ಲಿ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಾ ಕುಳಿತಿದ್ದಳು. ತಲೆ ಎತ್ತಲಿಲ್ಲ. 'ನೀನು ಮಾರ್ಕಂಡ್ ಬಂದೆ. ಅವ್ಳು ಬುಡಿಸ್ಕಂಡ್ ಬರಾಕೆ ಹೋಗ್ತವ್ಳೆ. ಸುಮ್ಕಿರ್ಲಾ. ಮಗೀನ ನಾನ್ ನೋಡ್ಕತೀನಿ.'

ವಾದ ಅಲ್ಲಿಗೆ ನಿಂತಿತು. ಸುದ್ದಿ ತಿಳಿದ ಪಕ್ಕದ ಮನೆಯ ನಂಜಮ್ಮನವರು ತಾವೂ ಬರುವುದಾಗಿ, ತಮ್ಮ ಇಬ್ಬರು ಸೊಸೆಯರನ್ನೂ ಕರೆತರುವುದಾಗಿ ಹೇಳಿ ಕಳಿಸಿದರು. ರಾಗ ಯಾವುದಾದರೂ ಅವರಿಗೆ ಒಂದೇ. ಸಿರಾ ನೋಡಿರಲಿಲ್ಲವಂತೆ.

ವಿದ್ವಾಂಸರು ಪಾವಗಡಕ್ಕೆ ಹೋಗಿ ಶಂಕರಾಭರಣ ಹಾಡಿ ಹಿಂತಿರುಗಿದರು. ಶನಿವಾರ ಬೆಳಿಗ್ಗೆ ಎಲ್ಲರೂ ಒಂದೇ ಬಸ್ಸು ಹತ್ತಿದೆವು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ನೀರೊಲೆಯ ಹಂಡೆಯಂಥದೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂಬುದು ದೊಡ್ಡ ಮಾತು. ಏರು ಬಂದಾಗಲೆಲ್ಲ ಕ್ಲೀನರ್ ಹಿಂದಿನಿಂದ ಕೂಗುತ್ತಿದ್ದ:

'ರಾಗ ಕೇಳೋರೆಲ್ಲ ಇಳ್ದು ತಳ್ರಪ್ಪೋ! ಹಾಡೋರು ಮಾತ್ರ ಕೂತಿರ್ಲಿ!'

ಎರಡನೆಯ ಏರಿಗೆ ಹೆಂಗಸರೂ ಇಳಿದರು. ನಂಜಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ, 'ಇದ್ಕಿಂತ ನಮ್ಮನೆ ಎಮ್ಮೆ ವಾಸಿ' ಎನ್ನುತ್ತಾ ಬಸ್ಸಿಗೆ ಕೈ ಕೊಟ್ಟರು. ಸೊಸೆಯರು ಮೊದಲ ಸಲ ಅತ್ತೆಯ ಮುಂದೆ ಗಟ್ಟಿಯಾಗಿ ನಕ್ಕರು. ಎರಡೂ ಕಡೆ ಬಿಸಿಲಿಗೆ ಬೆಳ್ಳಗಾದ ಹೊಲಗಳು, ದೂರದಲ್ಲಿ ಕುರಿಯ ಮಂದೆಯ ಧೂಳು. ರಸ್ತೆಯ ತುದಿ ನೀರಿನ ಹಾಗೆ ಅಲ್ಲಾಡುತ್ತಿತ್ತು. ಅತ್ತಿಗೆ ಬಸ್ಸಿನ ಪಕ್ಕ ನಡೆಯುತ್ತಾ ಆ ನೀರನ್ನೇ ನೋಡುತ್ತಿದ್ದರು. ಬಹಳ ದಿನಗಳ ಮೇಲೆ ಆ ಗುನುಗು ಕೇಳಿಸಿತು. ಮೆಟ್ಟಿಲು ಮೆಟ್ಟಿಲಾಗಿ ಏರಿ, ಅದೇ ಜಾಗದಲ್ಲಿ ನಿಂತಿತು.

ಆಮೇಲೆ ಗಾಳಿ ತಿರುಗಿತು. ಹಿಂದಿನ ಹೊಗೆಯೆಲ್ಲ ಮುಂದಕ್ಕೆ ಬಂದು ಕಿಟಕಿಗಳಿಂದ ಒಳನುಗ್ಗಿತು. ಮುಂದಿನ ಸೀಟಿನಲ್ಲಿ ಶಾಲು ಸುತ್ತಿ ಕುಳಿತಿದ್ದ ವಿದ್ವಾಂಸರು ಕೆಮ್ಮತೊಡಗಿದರು. ಸಿರಾ ತಲುಪಿದಾಗ 'ನೀರು' ಎಂದು ಕೇಳಿದರು. ಆ ಒಂದು ಪದ ಒಡೆದ ಮಡಕೆಯಿಂದ ಬಂದ ಹಾಗಿತ್ತು.

ಮೆಣಸಿನ ಕಷಾಯವಾಯಿತು, ಕಲ್ಲುಸಕ್ಕರೆಯಾಯಿತು, ಬಿಸಿನೀರಿನ ಹಬೆಯಾಯಿತು. ಚಪ್ಪರದ ಕೆಳಗೆ ಜನ ಸೇರುತ್ತಲೇ ಇದ್ದರು. ಬಿಸಿಲು ಇಳಿಯುವ ಹೊತ್ತಿಗೆ ವಿದ್ವಾಂಸರು ಸಾಹೇಬರನ್ನೂ ಅಣ್ಣನನ್ನೂ ಹತ್ತಿರ ಕರೆದು ಪಿಸುದನಿಯಲ್ಲಿ ಹೇಳಿದರು: 'ಸಣ್ಣ ಕೃತಿ ನಾಲ್ಕು ಹೇಳಿ ಮಂಗಳ ಹಾಡಿಬಿಡ್ತೀನಿ. ಕಾಂಬೋಧಿಗೆ ಮೇಲೆ ಹೋಗಬೇಕು. ಇವತ್ತು ಗಂಟಲು ಮೇಲಕ್ಕೆ ಹೋಗೋದಿಲ್ಲ.'

'ಯಾ ಅಲ್ಲಾ' ಎಂದು ಸಾಹೇಬರು ತಲೆಯ ಮೇಲೆ ಕೈಯಿಟ್ಟು ಕುಳಿತರು. ಅಷ್ಟು ಕಾವಲು ಕಾದ ರಾಗ ಹೊಗೆಯಲ್ಲಿ ಹೋಗಿತ್ತು.

ಸುದ್ದಿಯನ್ನು ಮಹಡಿಗೆ ಮುಟ್ಟಿಸಬೇಕಿತ್ತು. ಅಣ್ಣ ಸಾಹೇಬರ ಮನೆಯ ಮೆಟ್ಟಿಲಿನ ಕೆಳಗೆ ನಿಂತು ಮೇಲಕ್ಕೆ ಹೇಳಿದ. ಅವನ ಹಿಂದೆ ನಾನಿದ್ದೆ. ಮೇಲಿನಿಂದ ಅತ್ತಿಗೆಯ ಉತ್ತರ ಬಂತು.

'ಸ್ವಾಮಿಗಳ ಗಂಟ್ಲು ಮೊದ್ಲು. ಬಲವಂತ ಮಾಡ್ಬ್ಯಾಡಿ ಅಂತ ಹೇಳಿ. ನಾನು ಕಾದು ಅಭ್ಯಾಸ ಆಗದೆ.'

ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಣ್ಣನಿಗೆ ಸುಲಭವಾಗುತ್ತಿತ್ತು. ಅವನು ಮೆಟ್ಟಿಲ ಮೇಲೆ ಕೈಯೂರಿ ಹಾಗೇ ನಿಂತ. ಹುಣಿಸೆತೋಪಿನಲ್ಲಿ ತಾನು ಮಾಡಿದ ವ್ಯಾಪಾರ ಅವನಿಗೆ ಅರ್ಥವಾದದ್ದು ಆಗಲೇ ಎಂದು ನಾನು ನಂಬಿದ್ದೇನೆ. ಅಲ್ಲಿಂದ ನೇರವಾಗಿ ವಿದ್ವಾಂಸರ ಹತ್ತಿರ ಹೋದ.

'ಸ್ವಾಮಿ, ಪೂರ್ತಿ ಬ್ಯಾಡ. ಅರ್ಧ ಆದ್ರೂ ಹೇಳಿ.'

ವಿದ್ವಾಂಸರು ನಕ್ಕರು, ನಗುವೂ ಒಡೆದಿತ್ತು. 'ಅರ್ಧ ಅವರ ಹತ್ತಿರವೇ ಇದೆಯಲ್ಲ ವಕೀಲರೆ. ಅವರಿಗೆ ಬೇಕಾದ್ದು ಉಳಿದರ್ಧ. ಇವತ್ತು ನನ್ನ ಹತ್ತಿರ ಇಲ್ಲದಿರೋದೂ ಅದೇ.'

ಮೂಲೆಯಲ್ಲಿ ಕುಳಿತು ತಂತಿ ಬಿಗಿಯುತ್ತಿದ್ದ ಪಿಟೀಲಿನವರು ತಲೆ ಎತ್ತಿದರು. ಆ ತಿರುಗಾಟದಲ್ಲೆಲ್ಲ ಅವರು ನನ್ನೆದುರು ಆಡಿದ ಮೊದಲ ಮಾತು ಅದು.

'ನನ್ನ ಹತ್ತಿರ ಇದೆ' ಎಂದರು.

ಮಹಡಿಯ ಮೇಲೆ ನಾನಿರಲಿಲ್ಲ. ಅಲ್ಲಿ ನಡೆದದ್ದನ್ನು ಅತ್ತಿಗೆಯಿಂದ ಕೇಳಿ ಬರೆಯುತ್ತಿದ್ದೇನೆ. ಸಾಹೇಬರ ತಾಯಿ ಕಿಟಕಿಯ ಹತ್ತಿರದ ತಮ್ಮ ಜಾಗದಲ್ಲಿ ಸರಿದು, 'ಆವ್ ಬೇಟಿ, ಇಲ್ಲಿ ಬಾ, ಇಲ್ಲಿ ಗಾಳಿ ಬರ್ತದೆ' ಎಂದು ಅತ್ತಿಗೆಯ ಕೈ ಹಿಡಿದು ಕೂರಿಸಿಕೊಂಡರು. ನಿಂಬೆಹಣ್ಣಿನ ಶರಬತ್ತು ಬಂತು. ನಂಜಮ್ಮನವರು ಲೋಟವನ್ನು ನೋಡಿದರು, ಸೊಸೆಯರನ್ನು ನೋಡಿದರು, 'ಬಸ್ಸು ತಳ್ಳಿ ಬಾಯಾರೈತೆ' ಎಂದು ಕುಡಿದರು. ಆಮೇಲೆ ಎಲ್ಲರೂ ಕುಡಿದರು. ಅಣ್ಣನಿಗೆ ಈ ವಿಷಯ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಲಿಲ್ಲವೆಂದು ಅವನು ತೀರ್ಮಾನಿಸಿದ.

ಕೆಳಗೆ ಚಪ್ಪರದಲ್ಲಿ ನಾನು ಕಂಡದ್ದು ಇಷ್ಟು. ಸಣ್ಣ ಕೃತಿಗಳು ಮುಗಿದವು. ವಿದ್ವಾಂಸರು ಕಣ್ಣು ಮುಚ್ಚಿ, ತೀರ ತಗ್ಗಿನಲ್ಲಿ, ಕಾಂಬೋಧಿಯನ್ನು ಶುರುಮಾಡಿದರು. ಮೊದಲ ಹಿಡಿತಕ್ಕೇ ನನಗೆ ಗುರುತು ಸಿಕ್ಕಿತು. ನಮ್ಮ ಹಿತ್ತಲಿನ ಒರಳುಕಲ್ಲಿನ ರಾಗ. ಆ ಗಾಯಗೊಂಡ ದನಿ ಅವಸರವಿಲ್ಲದೆ, ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವವರ ಹಾಗೆ, ಒಂದೊಂದೇ ಮೆಟ್ಟಿಲು ಏರಿತು. ಮೇಲಿನ ಷಡ್ಜದ ಹತ್ತಿರ ಬಂತು. ನಿಂತಿತು. ವಿದ್ವಾಂಸರು ಬಾಯಿ ಮುಚ್ಚಿ, ಒಮ್ಮೆ ಮಹಡಿಯ ಕಿಟಕಿಯ ಕಡೆ ನೋಡಿ, ಎಡಕ್ಕೆ ತಿರುಗಿ ಪಿಟೀಲಿನವರಿಗೆ ತಲೆಬಾಗಿದರು.

ಪಿಟೀಲು ಅದೇ ಷಡ್ಜವನ್ನು ಹಿಡಿಯಿತು. ಸ್ವಲ್ಪ ಹೊತ್ತು ಹಾಗೇ ಹಿಡಿದಿತ್ತು. ಆಮೇಲೆ ಮುಂದಕ್ಕೆ ಹೋಯಿತು. ಇದರಾಚೆ ಏನಾಯಿತು ಎಂದು ಬರೆಯುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬಿಸಿಲು ಹೋಗಿತ್ತು, ದೀಪ ಇನ್ನೂ ಬಂದಿರಲಿಲ್ಲ. ಚಪ್ಪರದ ಮೇಲಿನ ಆಕಾಶ ಮಾವಿನ ಬಣ್ಣಕ್ಕೆ ತಿರುಗಿತ್ತು. ಊದುಬತ್ತಿಯ ಹೊಗೆ ನೇರವಾಗಿ ಏರಿ, ನಮಗೆ ಕಾಣದ ಯಾವುದೋ ಎತ್ತರದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಆ ಸದ್ದೂ ಹಾಗೇ. ನಾನು ತಲೆ ಎಣಿಸುವುದನ್ನು ಮರೆತೆ. ಮೇಲಿನ ಕಿಟಕಿಯಿಂದ ಒಂದು ಮುದಿ ದನಿ 'ವಾಹ್' ಎಂದಿತು. ಅದರ ಬೆನ್ನಿಗೇ ಇನ್ನೊಂದು ಹೆಣ್ಣುದನಿ 'ಆಹಾ' ಎಂದಿತು. ಗಂಡಸರೆಲ್ಲ ತಲೆಯೆತ್ತಿ ನೋಡಿದರು. ಅಣ್ಣ ಮಾತ್ರ ನೋಡಲಿಲ್ಲ. ಅವನಿಗೆ ಆ ದನಿ ಗೊತ್ತಿತ್ತು.

ಭಾನುವಾರ ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಅತ್ತಿಗೆಯನ್ನು ಕೇಳಿದೆ, ಸುದ್ದಿಗಾರನ ರೀತಿಯಲ್ಲೇ: 'ಹೆಂಗಿತ್ತು ಅತ್ತಿಗೆ?'

ಅವರು ಹೊರಗೆ ನೋಡುತ್ತಿದ್ದರು. 'ಮೇಲೆ ಅಷ್ಟು ಜಾಗ ಇತ್ತು ಅಂತ ನಮ್ಮಪ್ಪಯ್ಯಂಗೆ ಗೊತ್ತಿತ್ತು ಕಣಪ್ಪ' ಎಂದರು. ಸ್ವಲ್ಪ ದೂರ ಹೋದ ಮೇಲೆ, 'ಆದ್ರೆ ಬಾಯಲ್ಲಿ ಕೇಳ್ನಿಲ್ಲ. ಮುಂದಿನ್ ವರ್ಸ ಅದು ಪಾವಗಡಕ್ಕಲ್ವಾ?' ಎಂದು ಕೇಳಿದರು. ಮುಂದಿನ ಸೀಟಿನಲ್ಲಿದ್ದ ಅಣ್ಣ ತಿರುಗದೆಯೇ, 'ಹೂಂ, ಪಾವಗಡಕ್ಕೆ' ಎಂದ.

ನನ್ನ ವರದಿಯಲ್ಲಿ ಎರಡು ವಾಕ್ಯಗಳಿದ್ದವು. ಸಿರಾದಲ್ಲಿ ಸಂಗೀತ ಕಚೇರಿ ನಡೆಯಿತು. ಮಧುಗಿರಿಯಿಂದ ಹೆಂಗಸರೂ ಬಂದಿದ್ದರು. ಸಂಪಾದಕರು ಎರಡನೆಯದನ್ನು ತೆಗೆದುಹಾಕಿದರು.

ಮುಂದಿನ ವರ್ಷದ ಹುಣಿಸೆತೋಪಿನ ಸಭೆಯಲ್ಲಿ, ಯಾವ ಊರಿನವರೂ ಮನೆಯಲ್ಲಿ ಕೇಳದೆ ರಾಗವನ್ನು ಅದಲುಬದಲು ಮಾಡತಕ್ಕದ್ದಲ್ಲ ಎಂದು ಅಣ್ಣನೇ ಸೂಚಿಸಿದ, ಖಾದರ್ ಸಾಹೇಬರು ಅನುಮೋದಿಸಿದರು. ಆ ಬೇಸಿಗೆ ಅತ್ತಿಗೆ ಪಾವಗಡಕ್ಕೆ ಹೋಗಿ ಕಾಂಬೋಧಿಯನ್ನು ವಿದ್ವಾಂಸರ ಬಾಯಲ್ಲೇ, ಬುಡದಿಂದ ತುದಿಯ ತನಕ, ಕೇಳಿದರು. ಪಿಟೀಲೇ ಚೆನ್ನಾಗಿತ್ತು ಎಂದರು. ಅಲ್ಲಿಂದ ಮುಂದೆ ಬೇಸಿಗೆ ಬಂದರೆ ಹೆಂಗಸರಿಗೆಂದು ಬಸ್ಸಿನಲ್ಲಿ ಹಿಂದಿನ ಸೀಟುಗಳನ್ನು ಮೊದಲೇ ಹಿಡಿದಿಡುವುದು ರೂಢಿಯಾಯಿತು. ಯುದ್ಧ ಮುಗಿದು ಪೆಟ್ರೋಲು ಬಂತು. ಮಹಾರಾಜರ ಆಳ್ವಿಕೆ ಹೋಯಿತು. ಸಾಹೇಬರ ತಾಯಿ, ವಿದ್ವಾಂಸರು, ನಮ್ಮ ಅವ್ವ, ನಂಜಮ್ಮನವರು ಒಬ್ಬೊಬ್ಬರಾಗಿ ತೀರಿಕೊಂಡರು. ಈಗ ರೇಡಿಯೋದಲ್ಲಿ ಬೇಕಾದಷ್ಟು ಕಾಂಬೋಧಿ ಬರುತ್ತದೆ.

ಈ ಬೇಸಿಗೆ ಪಾವಗಡದಲ್ಲಿ ಯಾರೋ ಹೊಸ ಹುಡುಗಿಯ ಕಚೇರಿ ಇತ್ತು. ಅಣ್ಣನಿಗೆ ಮಂಡಿನೋವು, ಅವನು ಹೊರಡಲಿಲ್ಲ. ಅತ್ತಿಗೆ ಶುಕ್ರವಾರ ಬೆಳಗಿನ ಬಸ್ಸಿಗೆ ಒಬ್ಬರೇ ಹೋದರು. ಶನಿವಾರ ಬರುತ್ತೇನೆ ಎಂದಿದ್ದರು. ಭಾನುವಾರ ಅಲ್ಲಿ ಇನ್ನೊಂದು ಕಚೇರಿ ಇದೆಯೆಂದು ಯಾರ ಕೈಯಲ್ಲೋ ಹೇಳಿ ಕಳಿಸಿದರು. ಇವತ್ತು ಸೋಮವಾರ. ಅತ್ತಿಗೆ ಇನ್ನೂ ಬಂದಿಲ್ಲ. ಅಣ್ಣ ಅನ್ನಕ್ಕೆ ಎಸರಿಟ್ಟಿದ್ದಾನೆ.